ಅಳೋಕೊಂದು ಕೋಣೆ: ಆನಂದಿಯ ಕತೆ ಮತ್ತು ಬಾಲ್ಯವಿವಾಹದ ಜಾತಿ

1

ನಮ್ಮವ್ವನಿಗೆ ಮದುವೆ ಆದಾಗ ಹದಿನಾಲ್ಕು ವರ್ಷ. ಹದಿನಾಲ್ಕೋ ಹದಿಮೂರೋ ಎಂದು ಆಕೆಗೇ ಸರಿಯಾಗಿ ಗೊತ್ತಿಲ್ಲ. ಬರ ಬಿದ್ದ ವರ್ಷದಿಂದ ಬೆರಳು ಮಡಚಿ ಎಣಿಸಿ ಹೇಳುತ್ತಾಳೆ. 2013ರಲ್ಲಿ ನಮ್ಮ ಮನೆಗೆ ಟೀವಿ ಬಂತು. ನಾನಾಗ ಪಿಯುಸಿ ಓದುತ್ತಿದ್ದೆ. ಕೂಲಿಯಿಂದ ಬಂದು, ಮುದ್ದೆ ಕಟ್ಟಿಟ್ಟು, ಅವ್ವ 'ಪುಟ್ಟಗೌರಿ ಮದುವೆ' ನೋಡೋಕೆ ಕೂರುತ್ತಿದ್ದಳು. ಅಕ್ಕಪಕ್ಕದ ಮನೆಯ ಹೆಂಗಸರೂ ಬರುತ್ತಿದ್ದರು. ಒಂದು ರಾತ್ರಿ ಪರದೆಯ ಮೇಲೆ ಆ ಹುಡುಗಿ ಗಂಡನ ಮನೆಯ ಕೋಣೆಯೊಳಗೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಕೂತಿದ್ದ ಹೆಂಗಸರೆಲ್ಲ ಸೆರಗಲ್ಲಿ ಕಣ್ಣೊರೆಸಿಕೊಂಡರು. ಅವ್ವನೂ ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಅಳಾಕೂ ಅವುಳ್ಗೊಂದು ಕ್ವಾಣೆ ಐತೆ ನೋಡ್ ಮಗ" ಅಂದಳು.

ಈಗ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸ್ತ್ರೀವಾದವನ್ನೂ ಮಾಧ್ಯಮ ವಿಮರ್ಶೆಯನ್ನೂ ಪುಸ್ತಕದಲ್ಲಿ ಓದಿಕೊಂಡಿದ್ದೇನೆ. ಆದರೆ ಜನಪ್ರಿಯ ಧಾರಾವಾಹಿಗಳ ಬಗ್ಗೆ ನಮ್ಮವ್ವನ ಆ ಒಂದು ಮಾತಿಗಿಂತ ಖಚಿತವಾದ ವಿಮರ್ಶೆಯನ್ನು ನಾನು ಇನ್ನೂ ಓದಿಲ್ಲ. ಆಕೆ ಅತ್ತದ್ದು ಸುಳ್ಳಲ್ಲ. ಅತ್ತ ಮೇಲೆ ಆಡಿದ ಮಾತೂ ಸುಳ್ಳಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡು, ಪುಟ್ಟಗೌರಿಯ ಮೂಲವಾದ ಆನಂದಿ ಎಂಬ ಪಾತ್ರದ ಚರಿತ್ರೆಯನ್ನು ನೋಡುವುದು ಈ ಬರಹದ ಉದ್ದೇಶ.

2

2008ರ ಜುಲೈ 21ರಂದು ಕಲರ್ಸ್ ಎಂಬ ಹಿಂದಿ ವಾಹಿನಿ ಆರಂಭವಾಯಿತು. ಅದೇ ದಿನ 'ಬಾಲಿಕಾ ವಧು' ಧಾರಾವಾಹಿಯೂ ಆರಂಭವಾಯಿತು. ಪೂರ್ಣೇಂದು ಶೇಖರ್ ಅದರ ಕತೆಗಾರ. ಅಲ್ಲಿಯವರೆಗೆ ಹಿಂದಿ ಟೀವಿಯ ಸಂಜೆಗಳನ್ನು ಆಳುತ್ತಿದ್ದದ್ದು ನಗರದ ಸಿರಿವಂತ ಅವಿಭಕ್ತ ಕುಟುಂಬಗಳು. ರೇಷ್ಮೆ ಸೀರೆ ಉಟ್ಟು ಮಲಗುವ ಸೊಸೆಯರು. ಅಂಥ ಹೊತ್ತಿನಲ್ಲಿ ರಾಜಸ್ಥಾನದ ಹಳ್ಳಿಯ ಎಂಟು ವರ್ಷದ ಹುಡುಗಿಯೊಬ್ಬಳು ಮದುವಣಗಿತ್ತಿಯಾಗಿ ಪರದೆಯ ಮೇಲೆ ಬಂದಳು. 2016ರ ಜುಲೈ 31ರವರೆಗೆ, ಎಂಟು ವರ್ಷ, 2,000ಕ್ಕೂ ಹೆಚ್ಚು ಕಂತು ಆಕೆಯ ಕತೆ ನಡೆಯಿತು. ಅವಿಕಾ ಗೋರ್, ಪ್ರತ್ಯೂಷಾ ಬ್ಯಾನರ್ಜಿ, ತೋರಲ್ ರಾಸ್‌ಪುತ್ರ ಎಂಬ ಮೂವರು ನಟಿಯರು ಒಬ್ಬರಾದ ಮೇಲೆ ಒಬ್ಬರು ಆನಂದಿಯಾದರು.

ಈ ಪಾತ್ರದ ಬೆಳವಣಿಗೆಯಲ್ಲಿ ಒಂದು ಕ್ರಮವಿದೆ. ಪ್ರತಿ ಘಟ್ಟದಲ್ಲೂ ಒಂದು ಸಾಮಾಜಿಕ ಸಮಸ್ಯೆ ಆಕೆಯ ಮೈಮೇಲೆ ಬರುತ್ತದೆ, ಆಕೆ ಅದನ್ನು ದಾಟುತ್ತಾಳೆ, ಮುಂದಿನದು ಬರುತ್ತದೆ. ಮೊದಲು ಬಾಲ್ಯವಿವಾಹ. ಬಡ ರೈತನ ಮಗಳು ಆನಂದಿಯನ್ನು ಜೈತ್‌ಸರ್ ಎಂಬ ಊರಿನ ಸಿರಿವಂತ ಹವೇಲಿಯ ಹುಡುಗ ಜಗದೀಶನಿಗೆ ಕೊಡುತ್ತಾರೆ. ಆಮೇಲೆ ಓದಿನ ಪ್ರಶ್ನೆ. ಸ್ಕೂಲಿಗೆ ಹೋಗಬೇಕೆಂಬ ಸೊಸೆಯ ಹಠಕ್ಕೂ ಹವೇಲಿಯ ಯಜಮಾನಿ ಕಲ್ಯಾಣಿದೇವಿಯ, ಅಂದರೆ 'ದಾದೀಸಾ'ಳ, ಕಟ್ಟಪ್ಪಣೆಗೂ ನಡುವೆ ವರ್ಷಗಟ್ಟಲೆ ಜಗ್ಗಾಟ. ಆಮೇಲೆ ಗಂಡ ಡಾಕ್ಟರಿಕೆ ಓದಲು ಮುಂಬಯಿಗೆ ಹೋಗಿ ಗೌರಿ ಎಂಬ ಇನ್ನೊಬ್ಬಳನ್ನು ಮದುವೆಯಾಗುತ್ತಾನೆ. ಆನಂದಿಗೆ ವಿಚ್ಛೇದನ ಆಗುತ್ತದೆ. ಆಕೆ ಊರಿನ ಸರಪಂಚಳಾಗುತ್ತಾಳೆ. ಜಿಲ್ಲಾ ಕಲೆಕ್ಟರ್ ಶಿವರಾಜ್ ಶೇಖರನನ್ನು ಮರುಮದುವೆಯಾಗುತ್ತಾಳೆ. ಆತ ಉಗ್ರರ ಕೈಯಲ್ಲಿ ಸತ್ತು ಆಕೆ ವಿಧವೆಯಾಗುತ್ತಾಳೆ. ಕಳೆದುಹೋದ ಮಗಳು ಮತ್ತೆ ಬಾಲವಧುವಾಗಿಯೇ ಸಿಗುತ್ತಾಳೆ. ಕತೆ ಒಂದು ಸುತ್ತು ಸುತ್ತಿ ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ.

ಇದನ್ನು ಹಗುರಾಗಿ ತಳ್ಳಿಹಾಕಬಾರದು. 2009ರಲ್ಲಿ ಶರದ್ ಯಾದವ್ ಅವರು ಸಂಸತ್ತಿನಲ್ಲಿ ಈ ಧಾರಾವಾಹಿ ನಿಲ್ಲಿಸಬೇಕೆಂದು ಒತ್ತಾಯಿಸಿದರು. ಕಾನೂನು ನಿಷೇಧಿಸಿದ್ದನ್ನು ದಿನಾ ತೋರಿಸುವುದು ತಪ್ಪು ಎಂಬುದು ಅವರ ವಾದ. ಆ ವಾದ ನನಗೆ ಒಪ್ಪಿಗೆಯಿಲ್ಲ. ಇರುವುದನ್ನು ತೋರಿಸಿದರೆ ಅದು ಹೆಚ್ಚುತ್ತದೆ ಎನ್ನುವುದಾದರೆ ನಮ್ಮ ದಲಿತ ಆತ್ಮಕತೆಗಳನ್ನೂ ಸುಡಬೇಕಾಗುತ್ತದೆ. ಎಂಟು ವರ್ಷದ ಹುಡುಗಿಯ ಭಯವನ್ನು, ತವರಿನ ನೆನಪನ್ನು, ಪುಸ್ತಕದ ಹಸಿವನ್ನು ದೇಶದ ಮನೆಮನೆಯ ಮಾತಾಗಿಸಿದ್ದು ಈ ಧಾರಾವಾಹಿಯೇ. ನನ್ನ ತಕರಾರು ಬೇರೆ. ಅದು ಬಾಲ್ಯವಿವಾಹವನ್ನು ತೋರಿಸಿದ್ದಕ್ಕೆ ಅಲ್ಲ, ಅರ್ಧ ತೋರಿಸಿದ್ದಕ್ಕೆ.

3

ಧಾರಾವಾಹಿಯ ಪ್ರಕಾರ ಬಾಲ್ಯವಿವಾಹ ಎಂದರೇನು? ಅದೊಂದು 'ಕುರೀತಿ', ಕೆಟ್ಟ ಪದ್ಧತಿ. ಹಿಂದಿನವರು ಮಾಡಿಕೊಂಡು ಬಂದದ್ದು, ಓದು ಬರಹ ಇಲ್ಲದ್ದರಿಂದ ಉಳಿದದ್ದು. ಈ ಪದ್ಧತಿಗೆ ದಾದೀಸಾ ಎಂಬ ಮುದುಕಿಯ ಮುಖ ಕೊಟ್ಟಿದ್ದಾರೆ. ಸುರೇಖಾ ಸಿಕ್ರಿ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದರೆಂದರೆ, ನೋಡುವವರಿಗೆ ಬಾಲ್ಯವಿವಾಹ ಎಂದರೆ ದಾದೀಸಾ, ದಾದೀಸಾ ಎಂದರೆ ಬಾಲ್ಯವಿವಾಹ. ಕಂತು ಕಳೆದಂತೆ ಆಕೆಯ ಮನಸ್ಸು ಕರಗುತ್ತದೆ. ಮುದುಕಿಯ ಮನಸ್ಸು ಕರಗಿತು, ಸಮಸ್ಯೆ ಬಗೆಹರಿಯಿತು. ಹೀಗೆ ಶತಮಾನಗಳ ಒಂದು ಸಾಮಾಜಿಕ ವ್ಯವಸ್ಥೆ ಅತ್ತೆ-ಸೊಸೆ ಜಗಳದ ಅಳತೆಗೆ ಇಳಿಯುತ್ತದೆ.

ಇಲ್ಲಿ ನಾವು 1916ಕ್ಕೆ ಹೋಗಬೇಕು. ಆ ವರ್ಷದ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಇಪ್ಪತ್ತೈದು ವರ್ಷದ ಭೀಮರಾವ್ ಅಂಬೇಡ್ಕರ್ ಭಾರತದ ಜಾತಿಗಳ ಹುಟ್ಟು ಮತ್ತು ಬೆಳವಣಿಗೆ ಕುರಿತು ಒಂದು ಪ್ರಬಂಧ ಓದಿದರು. ಜಾತಿಯ ಸಾರ ಇರುವುದು ಒಳಮದುವೆಯಲ್ಲಿ ಎಂಬುದು ಆ ಪ್ರಬಂಧದ ತಿರುಳು. ಒಂದು ಗುಂಪು ತನ್ನೊಳಗೇ ಮದುವೆ ಮಾಡಿಕೊಂಡು ಬಾಳಬೇಕಾದರೆ ಗಂಡು ಹೆಣ್ಣುಗಳ ಲೆಕ್ಕ ಸರಿತೂಗಬೇಕು. ಗಂಡ ಸತ್ತರೆ ಆ ಹೆಂಗಸು 'ಹೆಚ್ಚುವರಿ'. ಆಕೆಯನ್ನು ಸುಡಬೇಕು, ಇಲ್ಲವೇ ಬಲವಂತದ ವಿಧವೆಯಾಗಿ ಮೂಲೆಗೆ ಕೂರಿಸಬೇಕು. ಹೆಂಡತಿ ಸತ್ತರೆ ಆ ಗಂಡಸೂ 'ಹೆಚ್ಚುವರಿ'ಯೇ. ಆದರೆ ಅವನು ಗಂಡಸು, ಯಜಮಾನ, ಸುಡುವಂತಿಲ್ಲ. ಅವನಿಗೆ ಹೆಣ್ಣು ತರಬೇಕು, ಆದರೆ ಮದುವೆಯ ವಯಸ್ಸಿನ ಹುಡುಗರ ಪಾಲಿನಿಂದ ಕಿತ್ತುಕೊಳ್ಳುವಂತಿಲ್ಲ. ಆದ್ದರಿಂದ ಇನ್ನೂ ಮದುವೆಯ ವಯಸ್ಸಿಗೇ ಬಾರದ ಹುಡುಗಿಯನ್ನು ಅವನಿಗೆ ಕಟ್ಟಬೇಕು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಈ ಮೂರೂ ಒಂದೇ ಕೆಲಸದ ಮೂರು ಹತಾರಗಳು. ಜಾತಿಯ ಗೋಡೆ ಬೀಳದಂತೆ ನೋಡಿಕೊಳ್ಳುವುದೇ ಆ ಕೆಲಸ.

ಈ ಪ್ರಬಂಧವನ್ನು ಕೈಯಲ್ಲಿ ಹಿಡಿದು ಜೈತ್‌ಸರಿನ ಹವೇಲಿಯೊಳಗೆ ಹೋಗಿ ನೋಡಿ. ಜಗದೀಶನ ಅಕ್ಕ ಸುಗುಣಾ. ಗೌನಾದ ದಿನವೇ, ಅಂದರೆ ಬಾಲ್ಯದಲ್ಲಿ ಮದುವೆಯಾದವಳನ್ನು ಗಂಡನ ಮನೆಗೆ ಕಳಿಸಿಕೊಡುವ ಶಾಸ್ತ್ರದ ದಿನವೇ, ಆಕೆಯ ಗಂಡ ಕೊಲೆಯಾಗುತ್ತಾನೆ. ಅಂಬೇಡ್ಕರ್ ಹೇಳಿದ ಹೆಚ್ಚುವರಿ ಹೆಂಗಸು ಆಕೆಯೇ. ಚಿಕ್ಕಮನೆಯ ಹಿರಿಯ ವಸಂತ. ಹೆಂಡತಿಯನ್ನು ಕಳೆದುಕೊಂಡ ನಡುವಯಸ್ಸಿನವನು, ಮನೆಗೆ ವಾರಸುದಾರ ಬೇಕು. ಹೆಚ್ಚುವರಿ ಗಂಡಸು. ಅವನಿಗಾಗಿ ಬಡವರ ಮನೆಯಿಂದ ಗಹನಾ ಎಂಬ ಎಳೆಯ ಹುಡುಗಿಯನ್ನು ದುಡ್ಡು ಕೊಟ್ಟು ತರುತ್ತಾರೆ. 1916ರ ಪ್ರಬಂಧದ ಇಡೀ ನಕ್ಷೆ ಒಂದೇ ಹವೇಲಿಯಲ್ಲಿ ನಡೆದಾಡುತ್ತಿದೆ! ಕತೆ ಕಟ್ಟಿದವರು ಅಂಬೇಡ್ಕರರನ್ನು ಓದಿದ್ದರೋ ಇಲ್ಲವೋ, ಸಮಾಜವನ್ನು ಹತ್ತಿರದಿಂದ ನೋಡಿದ್ದಾರೆ. ನೋಡಿದವರ ಕಣ್ಣಿಗೆ ಇವೆಲ್ಲ ಬಿದ್ದಿವೆ.

ಆದರೆ ಬಿದ್ದದ್ದಕ್ಕೆ ಹೆಸರು ಕೊಡುವ ಹೊತ್ತಿಗೆ ಬಾಯಿ ಕಟ್ಟಿದೆ. ಸುಗುಣಾಳಿಗೆ ಒಳ್ಳೆಯ ಗಂಡು ಸಿಗುತ್ತದೆ. ಗಹನಾ ಕೊಂಡು ತಂದವನನ್ನೇ ಕಾಲಕ್ರಮದಲ್ಲಿ ಪ್ರೀತಿಸಲು ಕಲಿಯುತ್ತಾಳೆ. ಕ್ರಯ ಒಲವಾಗಿ ಬದಲಾಗುತ್ತದೆ. ಆನಂದಿಯ ಮರುಮದುವೆಗೆ ಕತೆ ಒಡ್ಡುವ ದೊಡ್ಡ ಪ್ರಶ್ನೆ ಆಕೆಯ ವಿಚ್ಛೇದನ. ಬಡವಿ ಸಿರಿವಂತರ ಮನೆ ಸೇರಬಹುದು, ವಿಚ್ಛೇದಿತೆ ಕಲೆಕ್ಟರನ ಕೈ ಹಿಡಿಯಬಹುದು. ವಯಸ್ಸು, ಓದು, ಬಡತನ, ವೈಧವ್ಯ ಎಲ್ಲ ಗೋಡೆಗಳನ್ನೂ ಧಾರಾವಾಹಿ ಒಂದೊಂದಾಗಿ ತಟ್ಟಿ ನೋಡುತ್ತದೆ. ಈ ಗೋಡೆಗಳನ್ನೆಲ್ಲ ಹೊತ್ತು ನಿಂತ ತಳಪಾಯವನ್ನು ಮಾತ್ರ ಮುಟ್ಟುವುದಿಲ್ಲ.

ಇದು ಟೀವಿಯ ದೋಷ ಮಾತ್ರವಲ್ಲ, ನಮ್ಮ ಸಮಾಜ ಸುಧಾರಣೆಯ ಚರಿತ್ರೆಯದೇ ದೋಷ. 1891ರ ಸಮ್ಮತಿ ವಯಸ್ಸಿನ ಕಾಯಿದೆ, 1929ರ ಶಾರದಾ ಕಾಯಿದೆ, 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಇವೆಲ್ಲ ವಯಸ್ಸಿನ ಲೆಕ್ಕದಲ್ಲಿ ಮಾತಾಡಿದವು. ಹನ್ನೆರಡು, ಹದಿನಾಲ್ಕು, ಹದಿನೆಂಟು. ಶಾರದಾ ಕಾಯಿದೆ ತಂದ ಹರಬಿಲಾಸ್ ಶಾರದಾ ಅಜ್ಮೀರದವರು, ಆನಂದಿಯ ಸೀಮೆಯವರೇ. ವಯಸ್ಸಿನ ಮಿತಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಡುಗಿಗೆ ತನ್ನ ಮನಸ್ಸು ತನಗೆ ತಿಳಿಯುವ ಮುಂಚೆ ಮದುವೆ ಮಾಡುವುದು ಯಾಕೆ? ತಿಳಿದ ಮೇಲೆ ಆಕೆ ಯಾರನ್ನಾದರೂ ಒಲಿದಾಳು, ಆ 'ಯಾರಾದರೂ' ಕೇರಿಯವನಾದಾನು ಎಂಬ ಭಯಕ್ಕೆ. ಈ ಭಯದ ಬಗ್ಗೆ ಆ ಕಾಯಿದೆಗಳೂ ಮಾತಾಡಲಿಲ್ಲ, ಆನಂದಿಯ ಕತೆಯೂ ಮಾತಾಡಲಿಲ್ಲ.

4

ಈಗ ಅದೇ ರಾಜಸ್ಥಾನದ ಇನ್ನೊಬ್ಬ ಬಾಲವಧುವಿನ ಕತೆ. ಇದು ಧಾರಾವಾಹಿ ಅಲ್ಲ.

ಜೈಪುರದ ಸಮೀಪದ ಭಟೇರಿ ಎಂಬ ಹಳ್ಳಿಯ ಭಂವರಿ ದೇವಿ ಕುಂಬಾರ ಜಾತಿಯ ಹೆಂಗಸು. ಪತ್ರಿಕೆಗಳು ಆಕೆಯನ್ನು ದಲಿತೆ ಎಂದು ಬರೆದದ್ದುಂಟು. ಅಲ್ಲಿ ಕುಂಬಾರರು ಹಿಂದುಳಿದ ವರ್ಗಕ್ಕೆ ಸೇರಿದವರು. ಆಕೆಗೂ ತೀರ ಎಳೆಯ ವಯಸ್ಸಿನಲ್ಲೇ ಮದುವೆ ಆಗಿತ್ತು. ರಾಜಸ್ಥಾನ ಸರ್ಕಾರ 1984ರಲ್ಲಿ ಆರಂಭಿಸಿದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಆಕೆ 'ಸಾಥಿನ್', ಅಂದರೆ ಗೆಳತಿ. ಊರೂರಲ್ಲಿ ಹೆಂಗಸರ ಜೊತೆ ಮಾತಾಡುವುದು, ಬಾಲ್ಯವಿವಾಹ ತಡೆಯುವುದು ಆಕೆಯ ನೌಕರಿ. 1992ರ ಅಕ್ಷಯ ತದಿಗೆಯ ಸಮಯದಲ್ಲಿ ಊರಿನ ಬಲಾಢ್ಯ ಗುಜ್ಜರ್ ಮನೆಯೊಂದರಲ್ಲಿ ವರ್ಷ ತುಂಬದ ಕೂಸಿಗೆ ಮದುವೆ ಗೊತ್ತಾಗಿತ್ತು. ಭಂವರಿ ಬೇಡ ಎಂದಳು. ಪೊಲೀಸರು ಬಂದರು, ಹೋದರು. ನಡುರಾತ್ರಿ ಮದುವೆ ನಡೆದೇ ಹೋಯಿತು.

ಮದುವೆ ನಿಲ್ಲಲಿಲ್ಲ, ಶಿಕ್ಷೆ ಮಾತ್ರ ಆಕೆಗೆ. ಊರು ಬಹಿಷ್ಕಾರ ಹಾಕಿತು. ಆಕೆಯ ಮನೆಯ ಮಡಕೆ ಕೊಳ್ಳುವವರಿಲ್ಲ, ಆಕೆಗೆ ಹಾಲು ಮಾರುವವರಿಲ್ಲ. ಸೆಪ್ಟೆಂಬರ್ 22ರಂದು, ಹೊಲದಲ್ಲಿ, ಗಂಡನ ಎದುರಿಗೇ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರ ನವೆಂಬರಿನಲ್ಲಿ ಜೈಪುರದ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಮೇಲ್ಜಾತಿಯವರು ಕೆಳಜಾತಿಯ ಹೆಂಗಸನ್ನು ಮುಟ್ಟಿ ಮೈಲಿಗೆಯಾಗುತ್ತಿರಲಿಲ್ಲ ಎಂಬ ಧಾಟಿಯ ತರ್ಕ ಆ ತೀರ್ಪಿನಲ್ಲಿತ್ತೆಂಬುದು ದೇಶದ ತುಂಬ ಸುದ್ದಿಯಾಯಿತು. ಅಸ್ಪೃಶ್ಯತೆಯ ಶಾಸ್ತ್ರವೇ ಅತ್ಯಾಚಾರಿಯ ಪರ ಸಾಕ್ಷಿ ಹೇಳಿದ ಹಾಗೆ. ಕೇರಿಯ ಹೆಣ್ಣುಮಕ್ಕಳಿಗೆ ಗೊತ್ತು: ಹಗಲಿನ ಮೈಲಿಗೆ ಕತ್ತಲಾದ ಮೇಲೆ ಇರುವುದಿಲ್ಲ.

ಈ ಪ್ರಕರಣ ಹಿಡಿದುಕೊಂಡೇ ವಿಶಾಖಾ ಮುಂತಾದ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ವಿಶಾಖಾ ತೀರ್ಪು ಬಂತು. ದುಡಿಯುವ ಜಾಗದಲ್ಲಿ ಲೈಂಗಿಕ ಕಿರುಕುಳದ ವಿರುದ್ಧ ಮಾರ್ಗಸೂಚಿಗಳು ಬಂದವು, 2013ರಲ್ಲಿ ಕಾಯಿದೆಯೇ ಆಯಿತು. ಇಂದು ಬೆಂಗಳೂರಿನ ಐಟಿ ಕಚೇರಿಯಲ್ಲಿ ದೂರು ಸಮಿತಿ ಇದ್ದರೆ ಅದು ಭಂವರಿಯ ಋಣ. ಆದರೆ ಭಂವರಿಯ ಸ್ವಂತ ಮೇಲ್ಮನವಿ? 2007ರ ಹೊತ್ತಿಗೆ ಹೈಕೋರ್ಟಿನಲ್ಲಿ ನಡೆದಿದ್ದದ್ದು ಒಂದೇ ಒಂದು ವಿಚಾರಣೆ. ಆರೋಪಿಗಳಲ್ಲಿ ಇಬ್ಬರು ಸತ್ತೂ ಹೋಗಿದ್ದರು.

ಅದರ ಮರುವರ್ಷ ಆನಂದಿ ಟೀವಿಗೆ ಬಂದಳು.

ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಇಬ್ಬರೂ ಬಾಲವಧುಗಳು, ಇಬ್ಬರೂ ರಾಜಸ್ಥಾನದ ಹಳ್ಳಿಯವರು, ಇಬ್ಬರೂ ಬಾಲ್ಯವಿವಾಹದ ವಿರುದ್ಧ ನಿಂತವರು. ಆನಂದಿ ಸುಧಾರಣೆಗೆ ಹೊರಟಾಗ ಅವಳ ಬೆನ್ನಿಗೆ ಹವೇಲಿ ಇದೆ, ಹೆಸರಿನ ಹಿಂದೆ 'ಸಿಂಗ್' ಇದೆ, ಕರಗುವ ದಾದೀಸಾ ಇದ್ದಾಳೆ. ತನ್ನ ಮನೆಯ ಹುಡುಗಿ ತನ್ನ ಮನೆಯನ್ನು ತಿದ್ದಿದರೆ ಅದು ಸಂಸ್ಕಾರ. ಕುಂಬಾರಗಿತ್ತಿ ಬಂದು ಬಲಾಢ್ಯನ ಮನೆಯನ್ನು ತಿದ್ದಹೊರಟರೆ ಅದು ಅಪರಾಧ. ಬಾಲ್ಯವಿವಾಹ ಬರೀ ಅಜ್ಞಾನ ಆಗಿದ್ದರೆ ಭಂವರಿಯ ಮಾತಿಗೆ ಊರು ನಕ್ಕು ಸುಮ್ಮನಾಗುತ್ತಿತ್ತು. ಊರು ನಗಲಿಲ್ಲ, ಹೊಡೆಯಿತು. ಯಾಕೆಂದರೆ ಆಕೆ ಮುಟ್ಟಿದ್ದು ತಳಪಾಯವನ್ನು.

ಸರಪಂಚಗಿರಿಯ ವಿಷಯವೂ ಹೀಗೇ. ಓದಿದ ಆನಂದಿ ಸರಪಂಚಳಾಗಿ ಊರು ಉದ್ಧಾರ ಮಾಡುತ್ತಾಳೆ. ಧಾರಾವಾಹಿ ಇನ್ನೂ ನಡೆಯುತ್ತಿದ್ದಾಗಲೇ, 2014ರ ಡಿಸೆಂಬರಿನಲ್ಲಿ ರಾಜಸ್ಥಾನ ಸರ್ಕಾರ ಒಂದು ಸುಗ್ರೀವಾಜ್ಞೆ ತಂದಿತು. ಸರಪಂಚ ಆಗಬೇಕಾದರೆ ಎಂಟನೇ ತರಗತಿ ಪಾಸಾಗಿರಬೇಕು. ಪರಿಶಿಷ್ಟ ಪ್ರದೇಶಗಳಲ್ಲಿ ಐದನೆಯದು. 2011ರ ಜನಗಣತಿಯ ಪ್ರಕಾರ ಆ ರಾಜ್ಯದ ಗ್ರಾಮೀಣ ಹೆಂಗಸರಲ್ಲಿ ಅಕ್ಷರ ಬಲ್ಲವರೇ ನೂರಕ್ಕೆ 46ರಷ್ಟು. ದಲಿತ, ಆದಿವಾಸಿ ಹೆಂಗಸರಲ್ಲಿ ಇನ್ನೂ ಕಡಿಮೆ. 2015ರ ಆರಂಭದ ಪಂಚಾಯಿತಿ ಚುನಾವಣೆ ಈ ನಿಯಮದಲ್ಲೇ ನಡೆಯಿತು. 2019ರಲ್ಲಿ ಅದು ರದ್ದಾಯಿತು. ಸ್ಕೂಲಿಗೆ ಕಳಿಸದವರು ಯಾರು, ಸ್ಕೂಲಿಗೆ ಹೋಗಲಿಲ್ಲ ಎಂದು ಶಿಕ್ಷೆ ಅನುಭವಿಸಿದವರು ಯಾರು? 'ಓದಿದ ಆದರ್ಶ ಸರಪಂಚ' ಎಂಬ ಚಿತ್ರ ಟೀವಿಯಲ್ಲಿ ಎಷ್ಟು ಮುದ್ದಾಗಿ ಕಾಣುತ್ತದೋ, ಕಾನೂನಾಗಿ ಬಂದಾಗ ಅಷ್ಟೇ ಕ್ರೂರವಾಗಬಲ್ಲದು. ಆನಂದಿಯಿಂದ ಸುಗ್ರೀವಾಜ್ಞೆ ಬಂತು ಎಂದು ನಾನು ಹೇಳುತ್ತಿಲ್ಲ. ಎರಡರ ಹಿಂದಿನ ಕಣ್ಣು ಒಂದೇ ಎನ್ನುತ್ತಿದ್ದೇನೆ.

ಓದಿದ ಬಾಲವಧುವಿನ ಇನ್ನೊಂದು ಮಾದರಿ ನಮ್ಮ ಚರಿತ್ರೆಯಲ್ಲಿ ಇರಲಿಲ್ಲವೇ? 1840ರಲ್ಲಿ ಒಂಬತ್ತರ ವಯಸ್ಸಿಗೇ ಮದುವೆಯಾದ ಸಾವಿತ್ರಿಬಾಯಿ ಫುಲೆ ಕೂಡ ಬಾಲವಧುವೇ. ಆಕೆ ಕಲಿತ ಅಕ್ಷರವನ್ನು ಮನೆಯೊಳಗೆ ಇಟ್ಟುಕೊಳ್ಳಲಿಲ್ಲ. ಪುಣೆಯ ಬೀದಿಯಲ್ಲಿ ಸಗಣಿ ಎರಚಿಸಿಕೊಂಡು ಹೋಗಿ ಶೂದ್ರ, ಅತಿಶೂದ್ರ ಹುಡುಗಿಯರಿಗೆ ಹಂಚಿದಳು. ಆನಂದಿಯ ಓದು ಹವೇಲಿಯ ಮನಸ್ಸನ್ನು ಗೆಲ್ಲುತ್ತದೆ. ಸಾವಿತ್ರಿಬಾಯಿಯ ಓದು ಮಾವನ ಮನೆಯಿಂದಲೇ ಆಕೆಯನ್ನು ಹೊರಹಾಕಿಸಿತು. ಈ ವ್ಯತ್ಯಾಸವನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಲೇಬೇಕು.

5

2012ರ ಕೊನೆಗೆ ಈ ಕತೆ 'ಪುಟ್ಟಗೌರಿ ಮದುವೆ'ಯಾಗಿ ಕನ್ನಡಕ್ಕೆ ಬಂತು. ದಾದೀಸಾ ಅಜ್ಜಮ್ಮನಾದಳು, ಹವೇಲಿ ದೊಡ್ಡಮನೆಯಾಯಿತು. ವರ್ಷಗಳು ಉರುಳಿದಂತೆ ಬಾಲ್ಯವಿವಾಹ ಮರೆತುಹೋಗಿ, ಗೌರಿಯ ಪ್ರಾಣಕ್ಕೆ ಹೊಂಚು, ಕಾಡು, ಹುಲಿ ಎಂದು ಕತೆ ಎತ್ತಲೋ ಹೋಯಿತು. ಜನ ನಕ್ಕರು. ನಗುವ ವಿಷಯವೇ. ಆದರೆ ನಗುವಾಗ ಒಂದನ್ನು ಮರೆತೆವು.

ಬಾಲ್ಯವಿವಾಹವನ್ನು ನಾವು ರಾಜಸ್ಥಾನದಿಂದ ಆಮದು ಮಾಡಿಕೊಳ್ಳಬೇಕಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 20ರಿಂದ 24 ವರ್ಷದ ಹೆಂಗಸರಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ರಾಜಸ್ಥಾನದಲ್ಲಿ ಶೇಕಡಾ 25.4, ಕರ್ನಾಟಕದಲ್ಲಿ ಶೇಕಡಾ 21.3. ಅಂತರ ನೂರಕ್ಕೆ ನಾಲ್ಕು! ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲೇ ವರದಿ ಕೊಟ್ಟಿತ್ತು. ಆಮೇಲೆ ಕರ್ನಾಟಕ 2016ರಲ್ಲಿ ಕಾಯಿದೆಗೆ ತಿದ್ದುಪಡಿ ತಂದು, ಇಂಥ ಮದುವೆ ಮೊದಲಿಂದಲೇ ಅನೂರ್ಜಿತ ಎಂದು ಸಾರಿತು. ದೊಡ್ಡ ಹೆಜ್ಜೆಯೇ. ಆದರೆ ಕಾನೂನು ಅನೂರ್ಜಿತ ಎಂದ ಮದುವೆಯಿಂದ ಹೊರಬಂದ ಹುಡುಗಿ ಎಲ್ಲಿಗೆ ಹೋಗಬೇಕು? ಆನಂದಿಗೆ ಅತ್ತೆಯ ಮನೆಯೇ ತವರಾಯಿತು. ಕೂಲಿ ಮಾಡುವವರ ಮಗಳಿಗೆ?

ಇನ್ನೊಂದು ಬಾಲ್ಯವಿವಾಹ ನಮ್ಮಲ್ಲೇ ಇದೆ. ಅದನ್ನು ಮದುವೆ ಎಂದು ಯಾವ ಸಮೀಕ್ಷೆಯೂ ಲೆಕ್ಕ ಹಿಡಿಯುವುದಿಲ್ಲ. ಎಳೆಯ ಹುಡುಗಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವುದು. ಬಿಡಿಸಿಕೊಂಡವರು ಬಹುಪಾಲು ದಲಿತ ಹುಡುಗಿಯರು. 1982ರಲ್ಲೇ ಕರ್ನಾಟಕ ಇದನ್ನು ನಿಷೇಧಿಸುವ ಕಾಯಿದೆ ಮಾಡಿತು. ಮಾಡಬೇಕಾಯಿತು ಎಂಬುದೇ ಅದರ ವ್ಯಾಪ್ತಿಗೆ ಸಾಕ್ಷಿ. ಇದನ್ನೂ ಅಂಬೇಡ್ಕರರ ಲೆಕ್ಕದ ಪಕ್ಕದಲ್ಲಿ ಇಡಬೇಕು. ಮೇಲ್ಜಾತಿಯ ಹುಡುಗಿಯನ್ನು ಎಳವೆಯಲ್ಲೇ ಒಬ್ಬನಿಗೆ ಕಟ್ಟುವುದು ಗೋಡೆ ಕಾಯಲು. ದಲಿತ ಹುಡುಗಿಯನ್ನು ಎಳವೆಯಲ್ಲೇ ಯಾರಿಗೂ ಕಟ್ಟದೆ ದೇವರ ಹೆಸರಲ್ಲಿ ಬಿಡುವುದು, ಗೋಡೆಯ ಆಚೆಯವರು ಬಂದುಹೋಗಲು ಒಂದು ಬಾಗಿಲು ಇಟ್ಟುಕೊಳ್ಳಲು. ಎರಡೂ ಒಂದೇ ಮನೆಯ ಕಟ್ಟಡ. ಪುಟ್ಟಗೌರಿಯ ದೊಡ್ಡಮನೆಯಿಂದ ನೋಡಿದರೆ ಈ ಬಾಗಿಲು ಕಾಣುವುದಿಲ್ಲ. ಕೇರಿಯಿಂದ ನೋಡಿದರೆ ಅದೇ ಮೊದಲು ಕಾಣುತ್ತದೆ.

6

ಹಾಗಾದರೆ ಇಂಥ ಧಾರಾವಾಹಿಗಳನ್ನು ಏನು ಮಾಡಬೇಕು? 'ಇವೆಲ್ಲ ಮೇಲ್ಜಾತಿ ಮಧ್ಯಮವರ್ಗದ ಕಸ' ಎಂದು ಎತ್ತಿ ಬಿಸಾಡುವುದು ಸುಲಭ. ನಮ್ಮ ಚಳುವಳಿಯ ಗೆಳೆಯರು ಅನೇಕರು ಹಾಗೇ ಮಾಡುತ್ತಾರೆ. ಆದರೆ ನಮ್ಮವ್ವಂದಿರು ದಿನಾ ರಾತ್ರಿ ಅರ್ಧ ಗಂಟೆ ಕೂತು ನೋಡಿದ್ದನ್ನು ಕಸ ಎನ್ನುವ ಅಧಿಕಾರ ನಮಗೆ ಯಾರು ಕೊಟ್ಟರು? ಹದಿನಾಲ್ಕಕ್ಕೆ ಮದುವೆಯಾದ ಹೆಂಗಸು ತನ್ನ ಬಾಲ್ಯಕ್ಕೆ ಅತ್ತದ್ದು ಆ ಪರದೆಯ ಮುಂದೆಯೇ. ಅದಕ್ಕೂ ಮೊದಲು ಆಕೆಗೆ ಅಳಲು ಪುರುಸೊತ್ತು ಇರಲಿಲ್ಲ.

ದಲಿತ ವಿಮರ್ಶೆಗೆ ಇಲ್ಲಿ ಎರಡು ಕೆಲಸ ಇವೆ. ಒಂದು, ಪರದೆಯ ಮೇಲಿನ ಕತೆಯ ಪಕ್ಕದಲ್ಲಿ ಪರದೆಗೆ ಬಾರದ ಚರಿತ್ರೆಯನ್ನು ಇಡುವುದು. ಆನಂದಿಯ ಪಕ್ಕ ಭಂವರಿಯನ್ನು, ದಾದೀಸಾಳ ಪಕ್ಕ 1916ರ ಪ್ರಬಂಧವನ್ನು. ಎರಡನೆಯದು ಕಷ್ಟದ್ದು. ನೋಡುವವರ ಮಾತನ್ನು ಕೇಳಿಸಿಕೊಳ್ಳುವುದು. ನಮ್ಮ ಸಂಶೋಧನೆಗಳಲ್ಲಿ ಕೇರಿಯ ಹೆಂಗಸು 'ಪ್ರೇಕ್ಷಕಿ' ಎಂಬ ಅಂಕಿಯಾಗಿ ಬರುತ್ತಾಳೆ, ವಿಮರ್ಶಕಿಯಾಗಿ ಬರುವುದಿಲ್ಲ.

ಹೋದ ಯುಗಾದಿಗೆ ಊರಿಗೆ ಹೋದಾಗ ಅವ್ವನಿಗೆ ಭಂವರಿಯ ಕತೆ ಹೇಳಿದೆ. ಮಡಕೆ ಕೊಳ್ಳದ್ದು, ಹಾಲು ಕೊಡದ್ದು, ಹೊಲದಲ್ಲಿ ನಡೆದದ್ದು, ಕೋರ್ಟು ಹೇಳಿದ್ದು ಎಲ್ಲ. ಅವ್ವ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಅವರೆಕಾಯಿ ಸುಲಿಯುತ್ತಲೇ ಇದ್ದಳು. ಆಮೇಲೆ ಕೇಳಿದಳು: "ಆ ಕೂಸು ಈಗ ಏನ್ ಮಾಡ್ತಾ ಐತೆ?"

ವರ್ಷ ತುಂಬುವ ಮೊದಲೇ ಮದುವೆಯಾದ ಆ ಹೆಣ್ಣುಮಗುವಿಗೆ ಈಗ ಮೂವತ್ತು ದಾಟಿರಬೇಕು. ಇಷ್ಟು ಓದಿದ ನಾನು ಒಂದು ಸಲವೂ ಆಕೆಯ ಬಗ್ಗೆ ಯೋಚಿಸಿರಲಿಲ್ಲ.